ಪೈ ಮೊದಲೋ, ಸ್ವಿಚ್ ಮೊದಲೋ: ಆಟೊಮೇಶನ್‌ನಲ್ಲಿ ಸ್ಟಾರ್ಟ್‌ಅಪ್ ಟೈಮಿಂಗ್ ಸರಿಪಡಿಸುವುದು ಹೇಗೆ

"ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದರೆ ಚೆನ್ನಾಗಿ ನಡೆಯುತ್ತೆ. ಪ್ಲಗ್ ತೆಗೆದು ಮತ್ತೆ ಹಾಕಿದರೆ ಮಾತ್ರ ಏನೂ ಆಗಲ್ಲ. ಯಾಕೆ?"

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್ ಆಡಿಸುವವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದೇ ಪ್ರಶ್ನೆ. ಕೆಲವರಿಗೆ ಹತ್ತು ಸಲದಲ್ಲಿ ಏಳು ಸಲ ಸರಿಯಾಗುತ್ತದೆ, ಮೂರು ಸಲ ಕೈಕೊಡುತ್ತದೆ. ಇನ್ನು ಕೆಲವರಿಗೆ ನಿನ್ನೆ ನಡೆದದ್ದು ಇವತ್ತು ನಡೆಯುವುದಿಲ್ಲ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನಾನು ಇಲ್ಲಿ ಹೇಳುವುದು ಒಂದೇ ಬಗೆಯ ಜೋಡಣೆಯ ಬಗ್ಗೆ. ಪೈ ಜೀರೋ 2 ಡಬ್ಲ್ಯೂ ಬೋರ್ಡ್ ಯುಎಸ್‌ಬಿ ತಂತಿಯ ಮೂಲಕ ಸ್ವಿಚ್‌ನ ಡಾಕ್‌ಗೆ (ಕನ್ಸೋಲನ್ನು ಟಿವಿಗೆ ಸೇರಿಸುವ ಸ್ಟ್ಯಾಂಡ್) ಸೇರಿಕೊಂಡು, "ನಾನೊಂದು ಗೇಮ್ ಪ್ಯಾಡ್" ಎಂದು ಹೇಳಿಕೊಳ್ಳುತ್ತದೆ. ಆಮೇಲೆ ನೀವು ಬರೆದ ಕ್ರಮದಲ್ಲಿ ಬಟನ್ ಒತ್ತುತ್ತದೆ. ಆ ಕ್ರಮ ಬರೆದಿಟ್ಟ ಪುಟ್ಟ ಪ್ರೋಗ್ರಾಮೇ ಸ್ಕ್ರಿಪ್ಟ್. ಆಟದಲ್ಲಿ ಒಂದೇ ಕೆಲಸವನ್ನು ನೂರಾರು ಸಲ ಮಾಡಬೇಕಾದಾಗ ಇದು ಉಪಯೋಗಕ್ಕೆ ಬರುತ್ತದೆ. ಬೆರಳು ಸರಿಯಾಗಿ ಆಡದವರಿಗೆ ಒಂದೇ ದೊಡ್ಡ ಬಟನ್‌ನಿಂದ ಆಟ ಶುರು ಮಾಡಿಕೊಡಲೂ ಆಗುತ್ತದೆ. ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಈ ಎರಡನೇ ಕಾರಣಕ್ಕೆ. ಅಂಥವರ ಮನೆಯಲ್ಲಿ "ಹತ್ತರಲ್ಲಿ ಏಳು ಸಲ" ಸಾಲದು. ಒಬ್ಬರೇ ಇದ್ದಾಗ ಕೈಕೊಟ್ಟರೆ ಅದನ್ನು ಸರಿಮಾಡಲು ಬೇರೆ ಯಾರೂ ಇರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ನೀವೊಬ್ಬರೇ ಆಡುವ ಆಟಗಳಿಗೆ ಮಾತ್ರ ಬಳಸಿ. ಆನ್‌ಲೈನ್‌ನಲ್ಲಿ ಬೇರೆಯವರ ಎದುರು ಯಂತ್ರ ಕೂರಿಸಿ ಆಡಿಸುವುದು ಅನ್ಯಾಯ. ಖಾತೆಯನ್ನು ಕಳೆದುಕೊಳ್ಳುವ ಸಂಭವವೂ ಇದೆ.

ಇನ್ನೊಂದು ವಿಷಯ: ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ, ಸಣ್ಣಕ್ಷರ ದೊಡ್ಡಕ್ಷರ ನೋಡಿಕೊಂಡು ಮಾಡಿ.

ಬೇಕಾಗುವ ಸಾಮಾನು

ಪೈ ಜೀರೋ 2 ಡಬ್ಲ್ಯೂ, ಒಳ್ಳೆಯ ಮೈಕ್ರೋ ಎಸ್‌ಡಿ ಕಾರ್ಡ್, ಡೇಟಾ ಹೋಗುವ ಮೈಕ್ರೋ ಯುಎಸ್‌ಬಿ ಕೇಬಲ್, ಡಾಕ್ ಸಮೇತ ಸ್ವಿಚ್. ಸ್ಟಾಪ್‌ವಾಚ್‌ಗೆ ಫೋನ್ ಸಾಕು. ಪೈ ಮೇಲೆ ರಾಸ್ಪ್‌ಬೆರಿ ಪೈ ಓಎಸ್‌ನ ಲೈಟ್ ಆವೃತ್ತಿ ಹಾಕಿ. ಡೆಸ್ಕ್‌ಟಾಪ್ ಇರುವ ಆವೃತ್ತಿ ಬೇಡ. ಈ ಕೆಲಸಕ್ಕೆ ಪರದೆ ಬೇಕಿಲ್ಲ, ಅದು ಸುಮ್ನೆ ಸಮಯ ತಿನ್ನುತ್ತದೆ.

ಕೇಬಲ್ ಬಗ್ಗೆ ಎಚ್ಚರ. ಚಾರ್ಜ್ ಮಾತ್ರ ಆಗುವ ಕೇಬಲ್ ಹಾಕಿದರೆ ಪೈ ದೀಪ ಉರಿಯುತ್ತದೆ, ಬೂಟ್ ಆಗುತ್ತದೆ, ಎಲ್ಲ ಸರಿ ಇರುವಂತೆ ಕಾಣುತ್ತದೆ. ಸ್ವಿಚ್‌ಗೆ ಮಾತ್ರ ಅದು ಕಾಣಿಸುವುದೇ ಇಲ್ಲ. ಇದನ್ನು ಟೈಮಿಂಗ್ ತೊಂದರೆ ಎಂದುಕೊಂಡು ನಾನು ಮೂರು ಸಂಜೆ ಕಳೆದಿದ್ದೇನೆ. ಬೆಂಗಳೂರಿನವರು ಎಸ್‌ಪಿ ರೋಡ್‌ನಲ್ಲಿ ಕೊಳ್ಳುವಾಗ "ಡೇಟಾ ಕೇಬಲ್ಲೇ ಬೇಕು" ಎಂದು ಬಾಯಿಬಿಟ್ಟು ಕೇಳಿ. ಮನೆಗೆ ತಂದ ಮೇಲೆ ಆ ಕೇಬಲ್‌ನಿಂದ ಯಾವುದಾದರೂ ಹಳೇ ಫೋನನ್ನು ಕಂಪ್ಯೂಟರ್‌ಗೆ ಹಾಕಿ ನೋಡಿ. ಫೈಲ್‌ಗಳು ಕಂಡರೆ ಕೇಬಲ್ ಸರಿ ಇದೆ.

ಜೀರೋ ಬೋರ್ಡ್‌ನಲ್ಲಿ ಎರಡು ಮೈಕ್ರೋ ಯುಎಸ್‌ಬಿ ತೂತುಗಳಿವೆ. ಅಂಚಿಗೆ ಇರುವುದು ಬರೀ ಕರೆಂಟ್‌ಗೆ. ಎಚ್‌ಡಿಎಂಐ ಕಡೆಗೆ ಇರುವ, ಯುಎಸ್‌ಬಿ ಎಂದು ಬರೆದಿರುವುದೇ ಡೇಟಾ ಪೋರ್ಟ್. ಡಾಕ್‌ನಿಂದ ಬರುವ ತಂತಿ ಇದಕ್ಕೇ ಹೋಗಬೇಕು.

ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು

ಇಲ್ಲಿ ಮೂರು ಕಾಯುವಿಕೆಗಳಿವೆ. ಪೈ ಬೂಟ್ ಆಗುವುದು ಒಂದು. ಸ್ವಿಚ್ ಆ ಪ್ಯಾಡನ್ನು ಗುರುತು ಹಿಡಿಯುವುದು ಎರಡು. ಆಟ ಲೋಡ್ ಆಗುವುದು ಮೂರು. ಮೂರೂ ಬೇರೆ ಬೇರೆ, ಮೂರೂ ಪ್ರತಿ ಸಲ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತವೆ.

ಬಹಳ ಜನ ಮಾಡುವುದೇನು? ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ "40 ಸೆಕೆಂಡ್ ಕಾಯಿ" ಎಂದು ಬರೆದು ಮೂರನ್ನೂ ಒಂದೇ ಮೂಟೆ ಕಟ್ಟುತ್ತಾರೆ. ಕೈಕೊಟ್ಟರೆ 40 ಇದ್ದದ್ದು 60 ಆಗುತ್ತದೆ, ಆಮೇಲೆ 90. ಪೈ ತಡವಾಗಿ ಎದ್ದರೂ ತೊಂದರೆ ಇಲ್ಲ ನೋಡಿ. ಕಂಪ್ಯೂಟರ್‌ನಂತೆ ಸ್ವಿಚ್ ಕೂಡ ಪ್ಯಾಡನ್ನು ಯಾವಾಗ ಚುಚ್ಚಿದರೂ ಗುರುತಿಸುತ್ತದೆ. ತೊಂದರೆ ಇರುವುದು ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದರಲ್ಲಿ. ಪೈ ಎದ್ದ ಕ್ಷಣದಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸ್ವಿಚ್ ಪ್ಯಾಡನ್ನು ಒಪ್ಪಿಕೊಂಡ ಕ್ಷಣದಿಂದ ಎಣಿಸಬೇಕು. ಆ ಕ್ಷಣ ಯಾವುದು ಎಂದು ಪೈಗೆ ಗೊತ್ತಾಗುವ ದಾರಿ ಇದೆ. 4ನೇ ಹಂತ ಪೂರ್ತಿ ಅದರ ಬಗ್ಗೆಯೇ.

ಹಂತ 1: ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಿ

ಡಾಕ್‌ನ ಯುಎಸ್‌ಬಿ ಪೋರ್ಟ್‌ನಿಂದಲೇ ಪೈ ಓಡಿಸುತ್ತಿದ್ದೀರಾ? ಹಾಗಿದ್ದರೆ ಆ ಪೋರ್ಟ್‌ನಲ್ಲಿ ಕರೆಂಟ್ ಬಂದಾಗ ಮಾತ್ರ ಪೈ ಬೂಟ್ ಶುರುವಾಗುತ್ತದೆ. ಕನ್ಸೋಲ್ ಆನ್ ಇದ್ದಾಗ, ಮಲಗಿದಾಗ, ಪೂರ್ತಿ ಆಫ್ ಆದಾಗ, ಈ ಮೂರೂ ಸ್ಥಿತಿಯಲ್ಲಿ ಪೈನ ಹಸಿರು ದೀಪ ಏನು ಮಾಡುತ್ತದೆ ಎಂದು ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ. ಮುಂದಿನ ಅರ್ಧ ಗೊಂದಲ ಇದರಿಂದಲೇ ತಪ್ಪುತ್ತದೆ.

ಮಾಮೂಲಿ ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡುವ ಲೆಕ್ಕದ್ದು. ಜೀರೋ 2 ಡಬ್ಲ್ಯೂ ಸುಮ್ಮನೆ ಇದ್ದಾಗ ಅದಕ್ಕಿಂತ ಎಷ್ಟೋ ಕಡಿಮೆ ಎಳೆಯುತ್ತದೆ. ಆದರೆ ಬೂಟ್ ಹೊತ್ತಿನಲ್ಲಿ ನಾಲ್ಕು ಕೋರ್‌ಗಳೂ ವೈಫೈ ಕೂಡ ಒಟ್ಟಿಗೆ ಏಳುವಾಗ ಜಾಸ್ತಿ ಎಳೆಯುತ್ತದೆ. ಕೇಬಲ್ ಉದ್ದವೂ ತೆಳ್ಳಗೂ ಇದ್ದರೆ ವೋಲ್ಟೇಜ್ ಇಳಿದು, ಬೂಟ್ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರುವಾಗಬಹುದು. ಹೊರಗಿನಿಂದ ನೋಡಿದರೆ "ಕೆಲವು ಸಲ ನಿಧಾನ" ಎಂದಷ್ಟೇ ಕಾಣುತ್ತದೆ. ಪೈ 4 ಆದರೆ 5 ವೋಲ್ಟ್ 3 ಆಂಪ್ ಅಡಾಪ್ಟರ್ ಕೇಳುವ ಬೋರ್ಡ್. ಅದನ್ನು ಡಾಕ್ ಪೋರ್ಟ್ ಮೇಲೆ ನಿಲ್ಲಿಸಬೇಡಿ.

ವೋಲ್ಟೇಜ್ ಇಳಿದಿದೆಯಾ ಎಂದು ನೋಡಲು "ವಿಸಿಜೆನ್‌ಸಿಎಮ್‌ಡಿ ಗೆಟ್ ಅಂಡರ್‌ಸ್ಕೋರ್ ಥ್ರಾಟಲ್ಡ್" ಆಜ್ಞೆ ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ಪೈ 4ರಲ್ಲಿ ಅದು ಸರಿ. ವೋಲ್ಟೇಜ್ 4.63ಕ್ಕಿಂತ ಕೆಳಗೆ ಹೋದರೆ ಅದು ಹೇಳುತ್ತದೆ. ಜೀರೋ ಬೋರ್ಡ್‌ಗಳಲ್ಲಿ ಆ ಪತ್ತೆ ಹಚ್ಚುವ ಸರ್ಕ್ಯೂಟೇ ಇಲ್ಲ. ಉತ್ತರ ಸೊನ್ನೆ ಬಂತು ಎಂದು ನೆಮ್ಮದಿಯಾಗಿ ಕೂರಬೇಡಿ. ಬೇರೆ ಗಿಡ್ಡ ಕೇಬಲ್ ಹಾಕಿ ನೋಡುವುದೇ ಇಲ್ಲಿ ನಂಬುವಂಥ ಪರೀಕ್ಷೆ.

ನನ್ನ ಸಲಹೆ: ಪೈಗೆ ಬೇರೆಯೇ ಅಡಾಪ್ಟರ್ ಕೊಡಿ. ಆಗ ಕನ್ಸೋಲ್ ಏಳುವ ಮೊದಲೇ ಪೈ ಎದ್ದು ಕೂತಿರುತ್ತದೆ. ಮೊದಲ ಕಾಯುವಿಕೆಯೇ ಇಲ್ಲವಾಗುತ್ತದೆ. ಆದರೆ ಒಂದು ದೊಡ್ಡ ಎಚ್ಚರಿಕೆ ಇದೆ. ಜೀರೋ ಬೋರ್ಡ್‌ನಲ್ಲಿ ಎರಡೂ ಪೋರ್ಟ್‌ಗಳ 5 ವೋಲ್ಟ್ ತಂತಿ ಒಳಗೆ ಒಂದೇ. ಅಡಾಪ್ಟರ್ ಒಂದು ಕಡೆ, ಡಾಕ್ ಇನ್ನೊಂದು ಕಡೆ ಹಾಕಿದರೆ ಅಡಾಪ್ಟರ್‌ನ ಕರೆಂಟ್ ಪೈ ದಾಟಿ ಡಾಕ್ ಒಳಗೆ ಹಿಂದಕ್ಕೆ ಹರಿಯಬಹುದು. ಡಾಕ್‌ಗೆ ಹೋಗುವ ಕೇಬಲ್‌ನಲ್ಲಿ 5 ವೋಲ್ಟ್ ತಂತಿಯನ್ನು ತಡೆಯುವ ಸಣ್ಣ ಅಡಾಪ್ಟರ್ ಸಿಗುತ್ತದೆ, ಪವರ್ ಬ್ಲಾಕರ್ ಎನ್ನುತ್ತಾರೆ. ಅದನ್ನು ನಡುವೆ ಹಾಕಿ. ಅದಿಲ್ಲದೆ ಎರಡನ್ನೂ ಒಟ್ಟಿಗೆ ಹಾಕಬೇಡಿ.

ಹಂತ 2: ಬೂಟ್ ಎಷ್ಟು ಹೊತ್ತು ತಿನ್ನುತ್ತಿದೆ ಅಳೆಯಿರಿ

ಲ್ಯಾಪ್‌ಟಾಪ್‌ನಿಂದ ಪೈ ಒಳಗೆ ಲಾಗಿನ್ ಆಗಿ "ಸಿಸ್ಟಮ್‌ಡಿ ಅನಲೈಜ್" ಎಂದು ಕೊಡಿ. ಸಿಸ್ಟಮ್‌ಡಿ ಎಂದರೆ ಲಿನಕ್ಸ್‌ನಲ್ಲಿ ಬೂಟ್ ಆಗುವಾಗ ಯಾವ ಕೆಲಸ ಯಾವುದರ ನಂತರ ಎಂದು ನೋಡಿಕೊಳ್ಳುವ ಮೇಸ್ತ್ರಿ. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಇಷ್ಟು, ಉಳಿದ ಸೇವೆಗಳಿಗೆ ಇಷ್ಟು ಎಂದು ಸೆಕೆಂಡಿನಲ್ಲಿ ತೋರಿಸುತ್ತದೆ. ಆದರೆ ಅದಕ್ಕೂ ಮುಂಚೆ ಪೈನ ಫರ್ಮ್‌ವೇರ್ (ಬೋರ್ಡ್‌ನದೇ ಆರಂಭದ ಪ್ರೋಗ್ರಾಂ) ಕಳೆಯುವ ಸಮಯ ಈ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೇ ಫೋನ್‌ನ ಸ್ಟಾಪ್‌ವಾಚ್. ಪ್ಲಗ್ ಹಾಕಿದಲ್ಲಿಂದ ನಿಮ್ಮ ಸ್ಕ್ರಿಪ್ಟ್ ಮೊದಲ ಸಾಲು ಬರೆಯುವವರೆಗೆ ಐದು ಸಲ ಅಳೆಯಿರಿ. ಸರಾಸರಿ ಬೇಡ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಬರೆದುಕೊಳ್ಳಿ. ಇವೆರಡರ ನಡುವಿನ ಅಂತರ ದೊಡ್ಡದಿದ್ದರೆ ಕರೆಂಟ್ ಅಥವಾ ಎಸ್‌ಡಿ ಕಾರ್ಡ್ ಮೇಲೆ ಮೊದಲು ಅನುಮಾನ ಪಡಿ.

ಆಮೇಲೆ "ಸಿಸ್ಟಮ್‌ಡಿ ಅನಲೈಜ್ ಕ್ರಿಟಿಕಲ್ ಚೈನ್" ಎಂದು ಬರೆದು ಮುಂದೆ ನಿಮ್ಮ ಸರ್ವಿಸ್ ಹೆಸರು ಕೊಡಿ. ಸರ್ವಿಸ್ ಅಥವಾ ಸೇವೆ ಎಂದರೆ ಸಿಸ್ಟಮ್‌ಡಿ ತಾನಾಗಿ ಓಡಿಸುವ ಕೆಲಸ; ಅದನ್ನು ಮಾಡುವುದು 3ನೇ ಹಂತದಲ್ಲಿದೆ. ನಿಮ್ಮ ಕೆಲಸ ಯಾರ ಹಿಂದೆ ಸರದಿಯಲ್ಲಿ ನಿಂತಿತ್ತು ಎಂದು ಇದು ತೋರಿಸುತ್ತದೆ. "ಬ್ಲೇಮ್" ಎನ್ನುವ ಇನ್ನೊಂದು ಆಜ್ಞೆ ಹೆಚ್ಚು ಹೆಸರುವಾಸಿ. ಅದರಲ್ಲಿ ಯಾವ ಸೇವೆ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಮಾತ್ರ ಇರುತ್ತದೆ. ಅದು ನಿಮ್ಮನ್ನು ತಡೆದಿತ್ತಾ ಎಂದು ಇರುವುದಿಲ್ಲ.

ನಾನು ನೋಡಿದ ಮಟ್ಟಿಗೆ ಹೆಚ್ಚಿನ ಕಡೆ ಸಿಕ್ಕಿಬೀಳುವ ಕಳ್ಳ ಒಬ್ಬನೇ: "ನೆಟ್‌ವರ್ಕ್‌ಮ್ಯಾನೇಜರ್ ವೇಟ್ ಆನ್‌ಲೈನ್". ವೈಫೈ ಪೂರ್ತಿ ಸೇರುವವರೆಗೆ ಕಾಯುವ ಸೇವೆ ಇದು. ಎಲ್ಲಿಂದಲೋ ನಕಲು ಮಾಡಿದ ಸರ್ವಿಸ್ ಫೈಲ್‌ನಲ್ಲಿ "ಆಫ್ಟರ್ ಈಕ್ವಲ್ಸ್ ನೆಟ್‌ವರ್ಕ್ ಆನ್‌ಲೈನ್ ಡಾಟ್ ಟಾರ್ಗೆಟ್" ಎಂಬ ಸಾಲು ಇದ್ದರೆ ನಿಮ್ಮ ಪೈ ಬಟನ್ ಒತ್ತಲು ವೈಫೈಗಾಗಿ ಕಾಯುತ್ತಿದೆ ಎಂದರ್ಥ. ರೌಟರ್ ಕೂಡ ಆಗಷ್ಟೇ ಆನ್ ಆಗಿದ್ದರೆ, ಅಂದರೆ ಕರೆಂಟ್ ಹೋಗಿ ಬಂದಾಗ, ಈ ಕಾಯುವಿಕೆ ಇನ್ನೂ ಉದ್ದ. ಬಟನ್ ಒತ್ತಲು ಇಂಟರ್ನೆಟ್ ಬೇಡ ಅಲ್ವಾ? ಆ ಸಾಲು ಮತ್ತು ಅದರ ಜೊತೆಗಿರುವ "ವಾಂಟ್ಸ್" ಸಾಲು ಎರಡನ್ನೂ ತೆಗೆದುಹಾಕಿ.

ಇನ್ನೊಂದು ಪುಟ್ಟ ಉಳಿತಾಯ. ಬೂಟ್ ಫೋಲ್ಡರ್‌ನ ಕಾನ್ಫಿಗ್ ಫೈಲ್‌ನಲ್ಲಿ "ಬೂಟ್ ಅಂಡರ್‌ಸ್ಕೋರ್ ಡಿಲೇ" 0 ಎಂದು ಹಾಕಿದರೆ ಒಂದು ಸೆಕೆಂಡ್ ಉಳಿಯುತ್ತದೆ. ಬ್ಲೂಟೂತ್ ಬೇಡವಾದರೆ ಅದೇ ಫೈಲ್‌ನಲ್ಲಿ "ಡಿಸೇಬಲ್ ಬಿಟಿ" ಓವರ್‌ಲೇ ಸಾಲು ಸೇರಿಸಿ. ಇದಕ್ಕಿಂತ ಹೆಚ್ಚು ಕತ್ತರಿಸಲು ಹೋಗಬೇಡಿ. ಬೂಟ್ ವೇಗ ಮಾಡುವುದು ಇಲ್ಲಿ ಮುಖ್ಯವಲ್ಲ.

ಹಂತ 3: ಪೈ ಪ್ಯಾಡ್ ಆಗುವುದು ಸರಿಯಾದ ಕ್ರಮದಲ್ಲಿದೆಯಾ

ಪೈ ತಾನೇ ಒಂದು ಯುಎಸ್‌ಬಿ ಸಾಧನದಂತೆ ವರ್ತಿಸುವುದಕ್ಕೆ ಗ್ಯಾಜೆಟ್ ಮೋಡ್ ಎನ್ನುತ್ತಾರೆ. ಇದಕ್ಕೆ ಮೂರು ತುಣುಕು ಬೇಕು. ಡಿಡಬ್ಲ್ಯೂಸಿ2 ಎಂಬ ಡ್ರೈವರ್, ಲಿಬ್‌ಕಾಂಪೊಸಿಟ್ ಎಂಬ ಮಾಡ್ಯೂಲ್, ಪ್ಯಾಡ್‌ನ ಗುರುತು ಬರೆಯುವ ನಿಮ್ಮ ಸೆಟಪ್ ಸ್ಕ್ರಿಪ್ಟ್.

ಗುರುತಿನ ಬಗ್ಗೆ ಒಂದು ಮಾತು. 2017ರ ಜೂನ್‌ನಲ್ಲಿ ಬಂದ 3.0.0 ಅಪ್‌ಡೇಟ್‌ನಿಂದ ಸ್ವಿಚ್, ಹೊರಿ ಕಂಪನಿಯ ತಂತಿ ಪ್ಯಾಡ್‌ಗಳಂಥವನ್ನು ಒಪ್ಪಿಕೊಳ್ಳತೊಡಗಿತು. ಹವ್ಯಾಸಿಗಳು ಬರೆದ ಬಹುತೇಕ ಸ್ಕ್ರಿಪ್ಟ್‌ಗಳು ಅದೇ ಗುರುತನ್ನು ಬಳಸುತ್ತವೆ. ಕಾರಣ ಸರಳ. ಅದರ ಭಾಷೆ ಸುಲಭ. ಒಂದು ಸಲ ಕಳಿಸುವ ಸಂದೇಶ ಬರೀ 8 ಬೈಟ್: ಎರಡು ಬೈಟ್ ಬಟನ್‌ಗಳಿಗೆ, ಒಂದು ದಿಕ್ಕಿನ ಪ್ಯಾಡ್‌ಗೆ, ನಾಲ್ಕು ಎರಡು ಸ್ಟಿಕ್‌ಗಳಿಗೆ, ಕೊನೆಯದು ಖಾಲಿ. ಸ್ಟಿಕ್ ನಡುವೆ ಇದ್ದರೆ ಅದರ ಬೆಲೆ 128. ಈ ಸಂದೇಶಕ್ಕೆ ರಿಪೋರ್ಟ್ ಎನ್ನುತ್ತಾರೆ.

ಈಗ ಎಡವುವ ಜಾಗಗಳು. ಕಾನ್ಫಿಗ್ ಫೈಲ್ ತೆರೆದರೆ ಕೆಳಗಡೆ "ಸಿಎಂ4", "ಸಿಎಂ5" ಎಂಬ ಚೌಕ ಆವರಣದ ತಲೆಬರಹಗಳು ಕಾಣುತ್ತವೆ. ಅದರ ಕೆಳಗೆ ಡಿಡಬ್ಲ್ಯೂಸಿ2 ಸಾಲು ಮೊದಲೇ ಇರಬಹುದು. "ಓ, ಇದೆಯಲ್ಲ" ಎಂದು ಮುಂದೆ ಹೋಗಬೇಡಿ. ಆ ಸಾಲು ಆ ಬೋರ್ಡ್‌ಗಳಿಗೆ ಮಾತ್ರ, ಅದೂ ಹೋಸ್ಟ್ ಮೋಡ್‌ಗೆ, ಅಂದರೆ ಬೋರ್ಡ್ ತಾನೇ ಬೇರೆ ಯುಎಸ್‌ಬಿ ಸಾಧನಗಳನ್ನು ನಡೆಸುವುದಕ್ಕೆ. ನಿಮ್ಮ ಸಾಲನ್ನು "ಆಲ್" ಎಂಬ ತಲೆಬರಹದ ಕೆಳಗೆ, "ಡಿಆರ್ ಮೋಡ್ ಪೆರಿಫೆರಲ್" ಎಂದು ಸೇರಿಸಿ ಬರೆಯಿರಿ. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಈಚೆಗೆ ಆ ಫೈಲ್ ಬೂಟ್ ಫೋಲ್ಡರ್‌ನ ಒಳಗಿನ ಫರ್ಮ್‌ವೇರ್ ಫೋಲ್ಡರ್‌ಗೆ ಹೋಗಿದೆ. ಹಳೇ ಲೇಖನ ನೋಡಿಕೊಂಡು ಹಳೇ ಜಾಗದಲ್ಲಿ ಬರೆದರೆ ಏನೂ ಆಗುವುದಿಲ್ಲ.

ಡ್ರೈವರ್ ಎದ್ದಿದೆಯಾ ಎಂದು ನೋಡಲು "ಎಲ್ಎಸ್ ಸಿಸ್ ಕ್ಲಾಸ್ ಯುಡಿಸಿ" ಎಂಬ ಆಜ್ಞೆ ಕೊಟ್ಟು ಯುಡಿಸಿ ಫೋಲ್ಡರ್ ನೋಡಿ. ಜೀರೋ 2 ಡಬ್ಲ್ಯೂನಲ್ಲಿ 3ಎಫ್980000 ಡಾಟ್ ಯುಎಸ್‌ಬಿ ಎಂಬ ಹೆಸರು ಇರಬೇಕು. ಪೈ 4ರಲ್ಲಿ ಎಫ್ಇ980000. ಬೇರೆ ಬೋರ್ಡ್‌ನ ಸ್ಕ್ರಿಪ್ಟ್‌ನಲ್ಲಿ ಈ ಹೆಸರನ್ನು ನೇರವಾಗಿ ಬರೆದಿದ್ದರೆ ನಿಮ್ಮಲ್ಲಿ ನಡೆಯುವುದಿಲ್ಲ. ಫೋಲ್ಡರ್‌ನಲ್ಲಿ ಸಿಕ್ಕ ಹೆಸರನ್ನೇ ಓದಿ ಬಳಸುವಂತೆ ಸ್ಕ್ರಿಪ್ಟ್ ಬರೆಯಿರಿ. ಬೂಟ್ ಮುಗಿದ ಮೇಲೂ ಫೋಲ್ಡರ್ ಖಾಲಿ ಇದ್ದರೆ ಡ್ರೈವರ್ ಎದ್ದೇ ಇಲ್ಲ; ಸೆಟಪ್ ಸ್ಕ್ರಿಪ್ಟ್ ಓಡುವ ಹೊತ್ತಿಗೆ ಮಾತ್ರ ಖಾಲಿ ಇದ್ದರೆ ಅದು ಡ್ರೈವರ್‌ಗಿಂತ ಮೊದಲೇ ಓಡಿದೆ ಎಂದು ತಿಳಿಯಿರಿ.

ಸ್ಕ್ರಿಪ್ಟ್ ಶುರು ಮಾಡಲು ಆರ್‌ಸಿ ಲೋಕಲ್, ಕ್ರಾನ್‌ನ ರೀಬೂಟ್ ಸಾಲು, ಲಾಗಿನ್ ಆದ ಮೇಲೆ ಓಡುವ ಬ್ಯಾಶ್ ಫೈಲ್, ಇವೆಲ್ಲ ಬೇಡ. ಇವುಗಳಿಗೆ "ಯಾವುದು ಮುಗಿದ ಮೇಲೆ ಯಾವುದು" ಎಂದು ಹೇಳಲು ಆಗುವುದಿಲ್ಲ. ಎರಡು ಸಿಸ್ಟಮ್‌ಡಿ ಸರ್ವಿಸ್ ಮಾಡಿ. ಮೊದಲನೆಯದು ಪ್ಯಾಡ್ ಸೆಟಪ್ ಮಾತ್ರ ಮಾಡಲಿ. ಅದರ ಬಗೆ "ಒನ್‌ಶಾಟ್" ಇರಲಿ, ಜೊತೆಗೆ "ರಿಮೇನ್ ಆಫ್ಟರ್ ಎಕ್ಸಿಟ್ ಯೆಸ್" ಹಾಕಿ. ಒನ್‌ಶಾಟ್ ಎಂದರೆ ಸ್ಕ್ರಿಪ್ಟ್ ಪೂರ್ತಿ ಮುಗಿಯುವವರೆಗೆ ಮುಂದಿನವರು ಕಾಯುತ್ತಾರೆ. ಎರಡನೆಯದು ಬಟನ್ ಒತ್ತುವ ಸರ್ವಿಸ್. ಅದರಲ್ಲಿ "ರಿಕ್ವೈರ್ಸ್" ಮತ್ತು "ಆಫ್ಟರ್" ಎರಡೂ ಸಾಲಿನಲ್ಲಿ ಮೊದಲನೆಯದರ ಹೆಸರು ಬರೆಯಿರಿ. ರಿಕ್ವೈರ್ಸ್ ಒಂದನ್ನೇ ಬರೆದರೆ ಎರಡೂ ಒಟ್ಟಿಗೆ ಓಡುತ್ತವೆ. ಬೇಕು ಎನ್ನುವುದು ಬೇರೆ, ಅದರ ನಂತರ ಎನ್ನುವುದು ಬೇರೆ. ಬಹಳ ಜನ ಇಲ್ಲೇ ಜಾರುತ್ತಾರೆ.

ಹಂತ 4: ಸ್ವಿಚ್ ಒಪ್ಪಿಕೊಳ್ಳುವವರೆಗೆ ಕಾಯಿರಿ

ಇದೇ ಮುಖ್ಯ ಹಂತ.

ಪ್ಯಾಡ್ ಸೆಟಪ್ ಆದ ಕೂಡಲೇ ಪೈನಲ್ಲಿ "ಡೆವ್ ಹಿಡ್‌ಜಿ0" ಎಂಬ ಫೈಲ್ ಹುಟ್ಟುತ್ತದೆ. ಅದಕ್ಕೆ ಆ 8 ಬೈಟ್ ಬರೆದರೆ ಬಟನ್ ಒತ್ತಿದಂತೆ. ಫೈಲ್ ಇದೆ ಎಂದರೆ ಸ್ವಿಚ್ ಕೇಳಿಸಿಕೊಳ್ಳುತ್ತಿದೆ ಎಂದು ಅರ್ಥವಲ್ಲ. ಬಾಗಿಲು ಇದೆ, ಒಳಗೆ ಯಾರೂ ಇಲ್ಲ. ಆಗ ಬರೆದರೆ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನು ಪೈ ಬರೆದಿಡುವ ದಾಖಲೆಯಲ್ಲಿ, ಈ ಸಾಲು ಬರುತ್ತದೆ: ಎರರ್ 108, "ಕೆನಾಟ್ ಸೆಂಡ್ ಆಫ್ಟರ್ ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಶಟ್‌ಡೌನ್". ಆ ತುದಿಯಲ್ಲಿ ಕೇಳುವವರು ಇಲ್ಲ ಎನ್ನುವುದು ಇದರ ತಾತ್ಪರ್ಯ. ಈ ಸಾಲು ಕಂಡರೆ ಖುಷಿಪಡಿ. ಡ್ರೈವರ್ ಬಗ್ಗೆ ಹುಡುಕಾಡಬೇಕಿಲ್ಲ. ಕೇಬಲ್ ಡೇಟಾದ್ದೇ ಆಗಿದ್ದರೆ, ನೀವು ಬೇಗ ಬರೆದಿದ್ದೀರಿ ಅಷ್ಟೆ.

ಯುಡಿಸಿ ಫೋಲ್ಡರ್‌ನ ಒಳಗೆ, ನಾನು ಮೇಲೆ ಹೇಳಿದ ಹೆಸರಿನ ಕೆಳಗೆ, "ಸ್ಟೇಟ್" ಎಂಬ ಪುಟ್ಟ ಫೈಲ್ ಇದೆ. ಅದನ್ನು ಓದಿದರೆ ಒಂದು ಪದ ಸಿಗುತ್ತದೆ. ಮೊದಲು "ನಾಟ್ ಅಟ್ಯಾಚ್ಡ್". ಸ್ವಿಚ್ ಮಾತು ಶುರು ಮಾಡಿದ ಮೇಲೆ "ಡಿಫಾಲ್ಟ್", "ಅಡ್ರೆಸ್ಡ್". ಕೊನೆಗೆ "ಕಾನ್ಫಿಗರ್ಡ್". ಈ ಕೊನೆಯ ಪದ ಬಂದ ಕ್ಷಣವೇ ನಿಮ್ಮ ಸೊನ್ನೆ. ಅಲ್ಲಿಂದ ಎಣಿಸಿ.

ಇದನ್ನು ಕಣ್ಣಾರೆ ನೋಡಬೇಕಾದರೆ ಹೀಗೆ ಮಾಡಿ. ಪೈಗೆ ಪವರ್ ಬ್ಲಾಕರ್ ಸಮೇತ ಬೇರೆ ಅಡಾಪ್ಟರ್ ಕೊಟ್ಟು, ಲ್ಯಾಪ್‌ಟಾಪ್‌ನಿಂದ ಒಳಗೆ ಹೋಗಿ, ಆ ಫೈಲನ್ನು ಸೆಕೆಂಡಿಗೆ ಐದು ಸಲ ಓದಿ ತೋರಿಸುವ ಚಿಕ್ಕ ಲೂಪ್ ಓಡಿಸಿ. ಪರದೆ ಮೇಲೆ "ನಾಟ್ ಅಟ್ಯಾಚ್ಡ್" ಸಾಲು ಸಾಲಾಗಿ ಇಳಿಯುತ್ತಿರುತ್ತದೆ. ಈಗ ಇನ್ನೊಂದು ಕೈಯಲ್ಲಿ ಕನ್ಸೋಲ್ ಆನ್ ಮಾಡಿ, ತಂತಿಯನ್ನು ಡಾಕ್‌ಗೆ ಚುಚ್ಚಿ. ಸಾಲುಗಳು ಬದಲಾಗಿ "ಕಾನ್ಫಿಗರ್ಡ್" ಆಗುವುದನ್ನು ಒಮ್ಮೆ ನೋಡಿದರೆ ಈ ಲೇಖನದ ಅರ್ಧ ನಿಮಗೆ ತಾನಾಗಿಯೇ ಅರ್ಥವಾಗುತ್ತದೆ.

ಸ್ಕ್ರಿಪ್ಟ್‌ನಲ್ಲಿ ಬರೆಯಬೇಕಾದ ಕ್ರಮ ಇದು:

1. ಸ್ಟೇಟ್ ಫೈಲನ್ನು 0.2 ಸೆಕೆಂಡಿಗೊಮ್ಮೆ ಓದಿ. 60 ಸೆಕೆಂಡ್ ಆದರೂ "ಕಾನ್ಫಿಗರ್ಡ್" ಬರದಿದ್ದರೆ ತಪ್ಪಿನ ಕೋಡ್ ಕೊಟ್ಟು ಹೊರಗೆ ಬನ್ನಿ. ಸುಮ್ನೆ ಮುಂದುವರಿಯಬೇಡಿ.

2. ಬಂದ ಮೇಲೆ 2 ಸೆಕೆಂಡ್ ಬಿಟ್ಟು ಇನ್ನೊಮ್ಮೆ ಓದಿ. ಕನ್ಸೋಲ್ ಏಳುವಾಗ ಯುಎಸ್‌ಬಿ ಒಮ್ಮೆ ಬಿಟ್ಟು ಮತ್ತೆ ಹಿಡಿಯಬಹುದು. ಎರಡು ಸಲವೂ ಅದೇ ಪದ ಇರಬೇಕು.

3. ಒಂದು ಸೆಕೆಂಡ್ ಕಾಲ ಏನೂ ಒತ್ತದ, ಸ್ಟಿಕ್ ನಡುವೆ ಇರುವ ರಿಪೋರ್ಟ್ ಕಳಿಸಿ. ಸ್ಟೇಟ್ ಫೈಲ್ ಒಂದನ್ನೇ ಪೂರ್ತಿ ನಂಬಬೇಡಿ. ಈ ಬರೆಯುವಿಕೆ ತಪ್ಪಿಲ್ಲದೆ ಹೋದರೆ ಮಾತ್ರ ದಾರಿ ತೆರೆದಿದೆ ಎಂದರ್ಥ.

4. ಎಲ್ ಮತ್ತು ಆರ್ ಒಟ್ಟಿಗೆ ಒತ್ತಿ, 0.2 ಸೆಕೆಂಡ್ ಹಿಡಿದು, ಬಿಡಿ. ಪ್ಯಾಡ್ ಜೋಡಿಸುವ ಪರದೆ ಕೇಳುವುದು ಇದನ್ನೇ.

5. ಒಂದು ಸೆಕೆಂಡ್ ಕಾದು ಎ ಒತ್ತಿ. ಇದನ್ನು ಕೆಲಸದ ಬಟನ್ ಎಂದು ಎಣಿಸಬೇಡಿ. ಹೊಸ ಪ್ಯಾಡ್‌ನ ಮೊದಲ ಒತ್ತು ಆ ಪ್ಯಾಡನ್ನು ಪರಿಚಯಿಸಲಿಕ್ಕೇ ಖರ್ಚಾಗಿಬಿಡಬಹುದು.

ಬಿಡುವ ರಿಪೋರ್ಟ್ ಮರೆಯಬೇಡಿ. ಒತ್ತಿದ್ದನ್ನು ಕಳಿಸಿ, ಬಿಟ್ಟದ್ದನ್ನು ಕಳಿಸದಿದ್ದರೆ ಸ್ವಿಚ್ ಲೆಕ್ಕದಲ್ಲಿ ಆ ಬಟನ್ ಇನ್ನೂ ಒತ್ತಿಯೇ ಇದೆ. ಒತ್ತು ತೀರಾ ಚಿಕ್ಕದೂ ಇರಬಾರದು. ಸೆಕೆಂಡಿಗೆ 30 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೆ 33 ಮಿಲಿಸೆಕೆಂಡ್. ಅದಕ್ಕಿಂತ ಕಡಿಮೆ ಹೊತ್ತು ಒತ್ತಿದರೆ ಆಟಕ್ಕೆ ಕಾಣದೇ ಹೋಗಬಹುದು. 100 ಮಿಲಿಸೆಕೆಂಡ್ ಒತ್ತಿ, 100 ಬಿಡಿ.

ಜಾಯ್‌ಕಾನ್ (ಸ್ವಿಚ್ ಜೊತೆಗೇ ಬರುವ ಪ್ಯಾಡ್) ಕೈಯಲ್ಲಿ ಹಿಡಿದು ಕನ್ಸೋಲ್ ಎಬ್ಬಿಸಿದ್ದರೆ ಅದೇ ಮೊದಲ ಆಟಗಾರ, ಪೈ ಎರಡನೆಯವರು. ಒಬ್ಬರೇ ಆಡುವ ಆಟ ಎರಡನೇ ಪ್ಯಾಡನ್ನು ಕೇಳದೇ ಇರಬಹುದು. ಕಂಟ್ರೋಲರ್ಸ್ ಪರದೆಗೆ ಹೋಗಿ, ಹಿಡಿತ ಮತ್ತು ಕ್ರಮ ಬದಲಿಸುವ ಜಾಗ ತೆರೆದಿಟ್ಟು, ಅಲ್ಲಿ ಪೈ ಎಲ್ ಮತ್ತು ಆರ್ ಒತ್ತುವಂತೆ ಮಾಡಿ. ಆಗ ಪೈ ಮೊದಲ ಜಾಗಕ್ಕೆ ಬರುತ್ತದೆ.

ಹಂತ 5: ಗಡಿಯಾರ ಜಿಗಿಯುವುದು

ಇದು ಬಹಳ ಜನರಿಗೆ ಗೊತ್ತಿಲ್ಲದ ತೊಂದರೆ. ಜೀರೋ 2 ಡಬ್ಲ್ಯೂನಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಪ್ಲಗ್ ತೆಗೆದರೆ ಸಮಯ ಮರೆತುಹೋಗುತ್ತದೆ. ಬೂಟ್ ಆದಾಗ ಹಿಂದಿನ ಸಲ ಉಳಿಸಿಟ್ಟ ಹೊತ್ತಿನಿಂದ ಶುರು ಮಾಡುತ್ತದೆ. ವೈಫೈ ಸೇರಿದ ಮೇಲೆ ಇಂಟರ್ನೆಟ್‌ನಿಂದ ಸರಿಯಾದ ಸಮಯ ಪಡೆದು ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ, ಗಂಟೆಗಟ್ಟಲೆ ಕೂಡ.

ನಿಮ್ಮ ಪೈಥಾನ್ ಸ್ಕ್ರಿಪ್ಟ್ "ಟೈಮ್ ಡಾಟ್ ಟೈಮ್" ಓದಿ, "ಈಗಿನಿಂದ 25 ಸೆಕೆಂಡ್ ಆದಾಗ ಎ ಒತ್ತು" ಎಂದು ಲೆಕ್ಕ ಹಾಕಿದ್ದರೆ, ಆ ಜಿಗಿತದಲ್ಲಿ 25 ಸೆಕೆಂಡ್ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಪೈ ಎಲ್ಲ ಬಟನ್‌ಗಳನ್ನು ಒಂದರ ಹಿಂದೆ ಒಂದು ಪಟಪಟನೆ ಒತ್ತಿಬಿಡುತ್ತದೆ. ಕೈಯಾರೆ ಓಡಿಸಿದಾಗ ಸಮಯ ಆಗಲೇ ಸರಿಯಾಗಿರುವುದರಿಂದ ಇದು ಕಾಣುವುದೇ ಇಲ್ಲ. ಪರಿಹಾರ ಒಂದೇ ಪದದ್ದು. ಆ ಜಾಗದಲ್ಲೆಲ್ಲ "ಟೈಮ್ ಡಾಟ್ ಮೊನೊಟಾನಿಕ್" ಬಳಸಿ. ಅದು ಗೋಡೆ ಗಡಿಯಾರ ನೋಡುವುದಿಲ್ಲ, ಬೂಟ್ ಆದಲ್ಲಿಂದ ಬರೀ ಮುಂದಕ್ಕೆ ಎಣಿಸುತ್ತಾ ಹೋಗುತ್ತದೆ.

ಲಾಗ್ ಓದುವಾಗಲೂ ಇದೇ ಗೊಂದಲ. ಮೊದಲ ಸಾಲು ನಿನ್ನೆ ರಾತ್ರಿ, ಮುಂದಿನ ಸಾಲು ಇವತ್ತು ಮಧ್ಯಾಹ್ನ ಎಂದು ಕಾಣಬಹುದು. "ಜರ್ನಲ್ ಸಿಟಿಎಲ್" ಆಜ್ಞೆಗೆ "ಶಾರ್ಟ್ ಮೊನೊಟಾನಿಕ್" ಎಂಬ ಆಯ್ಕೆ ಕೊಡಿ. ಬೂಟ್‌ನಿಂದ ಎಷ್ಟನೇ ಸೆಕೆಂಡ್ ಎಂದು ಸಾಲು ಸಾಲಿಗೂ ಬರುತ್ತದೆ.

ಹಂತ 6: ಬಿದ್ದರೆ ಮತ್ತೆ ಏಳುವುದು, ಆದರೆ ಎಲ್ಲಿಂದ?

ಬಟನ್ ಸರ್ವಿಸ್‌ಗೆ "ರೀಸ್ಟಾರ್ಟ್ ಆನ್ ಫೇಲ್ಯೂರ್" ಹಾಕುತ್ತೀರಿ. ಸರಿ. ಆದರೆ ನೀವು ಬೇರೆ ಹೇಳದಿದ್ದರೆ ಸಿಸ್ಟಮ್‌ಡಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮತ್ತೆ ಶುರು ಮಾಡುತ್ತದೆ. ಹತ್ತು ಸೆಕೆಂಡ್ ಒಳಗೆ ಐದು ಸಲ ಶುರುವಾಗಿ ಬಿದ್ದರೆ "ಇನ್ನು ಆಗಲ್ಲ" ಎಂದು ಕೈಬಿಡುತ್ತದೆ. ಲಾಗ್‌ನಲ್ಲಿ "ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ" ಎಂದಿರುತ್ತದೆ. ಅಂದರೆ ಸ್ವಿಚ್ ಇನ್ನೂ ಏಳುವುದರೊಳಗೆ ನಿಮ್ಮ ಐದು ಅವಕಾಶವೂ ಮುಗಿದಿದೆ. "ರೀಸ್ಟಾರ್ಟ್ ಸೆಕ್" 3 ಎಂದು ಹಾಕಿ. ಆಗ ಆ ಮಿತಿ ತಾಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆಟದ ನಡುವೆ ಸ್ಕ್ರಿಪ್ಟ್ ಬಿದ್ದು, ಮತ್ತೆ ಮೊದಲಿನಿಂದ ಶುರುವಾದರೆ ಅದು ಯಾವುದೋ ಪರದೆಯ ಮೇಲೆ ಕುರುಡಾಗಿ ಎ ಒತ್ತುತ್ತದೆ. ಎದುರಿಗೆ ಸೇವ್ ಅಳಿಸುವ ಪ್ರಶ್ನೆ ಇರಬಹುದು. ಅಂಗಡಿ ಪುಟ ಇರಬಹುದು. ಅದಕ್ಕೆ ಒಪ್ಪಿಗೆಯ ಹಂತ ಮುಗಿಯುವ ಮೊದಲು ಬಿದ್ದರೆ ಒಂದು ಕೋಡ್, ಮುಗಿದ ಮೇಲೆ ಬಿದ್ದರೆ ಇನ್ನೊಂದು ಕೋಡ್, ಅಂದರೆ 3, ಕೊಟ್ಟು ಹೊರಬರುವಂತೆ ಬರೆಯಿರಿ. ಸರ್ವಿಸ್ ಫೈಲ್‌ನಲ್ಲಿ "ರೀಸ್ಟಾರ್ಟ್ ಪ್ರಿವೆಂಟ್ ಎಕ್ಸಿಟ್ ಸ್ಟೇಟಸ್" 3 ಎಂದು ಹಾಕಿ. ಆಗ ಆಟ ಶುರುವಾದ ಮೇಲೆ ಬಿದ್ದರೆ ಸುಮ್ಮನೆ ಬಿದ್ದೇ ಇರುತ್ತದೆ. ಅದೇ ಕ್ಷೇಮ.

ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಹೊಸದಲ್ಲ. ಸ್ವಿಚ್‌ಗೆ ಒಳಗೆ ಬ್ಯಾಟರಿ ಇದೆ, ಪೈಗೆ ಇಲ್ಲ. ಕರೆಂಟ್ ಬಂದಾಗ ಪೈ ಹೊಸದಾಗಿ ಎದ್ದು ಮೊದಲ ಹೆಜ್ಜೆಯಿಂದ ಶುರು ಮಾಡುತ್ತದೆ, ಕನ್ಸೋಲ್ ಮಾತ್ರ ಆಟದ ನಡುವೆಯೇ ಇರುತ್ತದೆ. ಇದಕ್ಕೆ ನಾನು ಮಾಡಿಕೊಡುವುದು ಒಂದು ಬಟನ್. ಪೈನ 9ನೇ ಪಿನ್ ಗ್ರೌಂಡ್, 11ನೇ ಪಿನ್ ಜಿಪಿಐಓ 17. ಇವೆರಡರ ನಡುವೆ ಒಂದು ಬಟನ್ ಹಾಕಿ, ಅದನ್ನು ಒತ್ತುವವರೆಗೆ ಸ್ಕ್ರಿಪ್ಟ್ 4ನೇ ಹಂತದ ಕೊನೆಯಲ್ಲಿ ನಿಂತಿರಲಿ. ಮನುಷ್ಯ ಪರದೆ ನೋಡಿ ಒತ್ತಿದರೆ ಮಾತ್ರ ಮುಂದೆ.

ಹಂತ 7: ಆಟ ಲೋಡ್ ಆಗುವ ಹೊತ್ತು

ಈ ಮೂರನೇ ಕಾಯುವಿಕೆಯಲ್ಲಿ ಪೈಗೆ ಕಣ್ಣಿಲ್ಲ. ಇಲ್ಲಿ ಸೆಕೆಂಡ್ ಎಣಿಸುವುದು ಬಿಟ್ಟು ಬೇರೆ ದಾರಿ ಕಡಿಮೆ. ಹಾಗಾಗಿ ಪರದೆಗಳು ಪ್ರತಿ ಸಲ ಒಂದೇ ಕ್ರಮದಲ್ಲಿ ಬರುವಂತೆ ನೋಡಿಕೊಳ್ಳಿ. ಕ್ರಮ ತಪ್ಪಿಸುವವು ಇವು: ಯಾರು ಆಡುತ್ತಿದ್ದೀರಿ ಎಂದು ಕೇಳುವ ಪರದೆ, ಅಪ್‌ಡೇಟ್ ಬಂದಿದೆ ಎನ್ನುವ ಪರದೆ, ಡೌನ್‌ಲೋಡ್ ಮಾಡಿದ ಆಟವನ್ನು ಆಡಬಹುದಾ ಎಂದು ಇಂಟರ್ನೆಟ್‌ನಲ್ಲಿ ಪರಿಶೀಲಿಸುವ ಪರದೆ. ಈ ಕೊನೆಯದು ನಿಮ್ಮ ವೈಫೈ ವೇಗದ ಮೇಲೆ ನಿಂತಿದೆ. ಅದಕ್ಕೇ ಒಂದು ದಿನ 3 ಸೆಕೆಂಡ್, ಇನ್ನೊಂದು ದಿನ 12. 

ನಿದ್ದೆಯಿಂದ ಎದ್ದಾಗ ಪರದೆ ಲಾಕ್ ಇದ್ದರೆ ಒಂದೇ ಬಟನನ್ನು ಮೂರು ಸಲ ಒತ್ತಲು ಕೇಳುತ್ತದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದುಬಿಡಿ, ಇಲ್ಲವೇ ಸ್ಕ್ರಿಪ್ಟ್‌ನಲ್ಲಿ ಸೇರಿಸಿ. ಟಿವಿಯಲ್ಲಿ ಆಡುವಾಗ ತಾನಾಗಿ ಮಲಗುವ ಸಮಯವನ್ನೂ "ಎಂದಿಗೂ ಬೇಡ" ಎಂದು ಇಡಿ. ಈ ಬಗೆಯ ತಂತಿ ಪ್ಯಾಡ್ ಮಲಗಿದ ಕನ್ಸೋಲನ್ನು ಎಬ್ಬಿಸುತ್ತದೆ ಎಂದು ನಂಬಿ ಯೋಜನೆ ಮಾಡಬೇಡಿ.

ಕನ್ಸೋಲ್ ನಡುವೆ ಮಲಗಿದರೆ ಪೈ ಕಡೆ ರಿಪೋರ್ಟ್ ಬರೆಯುವ ಸಾಲು ಅಲ್ಲೇ ಸಿಕ್ಕಿಕೊಂಡು ನಿಲ್ಲಬಹುದು. ಎದ್ದ ಮೇಲೆ ಏನೂ ಆಗದಂತೆ ಮುಂದುವರಿಯುತ್ತದೆ. ಪ್ರತಿ ಬರೆಯುವಿಕೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯಿರಿ. ಒಂದು ಸೆಕೆಂಡ್ ದಾಟಿದರೆ ಸ್ಕ್ರಿಪ್ಟ್ ನಿಲ್ಲಿಸಿ.

ಪೈಗೆ ಕಣ್ಣು ಕೊಡಬೇಕೆಂದರೆ ಎಚ್‌ಡಿಎಂಐ ಕ್ಯಾಪ್ಚರ್ ಸಾಧನ, ಅಂದರೆ ಟಿವಿಗೆ ಹೋಗುವ ಚಿತ್ರವನ್ನು ಪೈಗೂ ಕೊಡುವ ಸಾಧನ, ಬೇಕು. ಜೀರೋದಲ್ಲಿ ಇರುವ ಒಂದೇ ಡೇಟಾ ಪೋರ್ಟ್ ಪ್ಯಾಡ್‌ಗೆ ಹೋಗಿರುವುದರಿಂದ ಅಲ್ಲಿ ಜಾಗವಿಲ್ಲ. ಅದಕ್ಕೆ ಪೈ 4 ಬೇಕಾಗುತ್ತದೆ. ಅದರ ಟೈಪ್ ಸಿ ಪೋರ್ಟ್ ಪ್ಯಾಡ್ ಆಗುತ್ತದೆ, ಉಳಿದ ನಾಲ್ಕು ಪೋರ್ಟ್ ಕ್ಯಾಪ್ಚರ್‌ಗೆ ಸಿಗುತ್ತವೆ.

ಹಂತ 8: ಪರೀಕ್ಷೆ

ರೀಬೂಟ್ ಆಜ್ಞೆ ಕೊಟ್ಟು ಪರೀಕ್ಷಿಸಬೇಡಿ. ಅದರಲ್ಲಿ ಕರೆಂಟ್ ಹೋಗುವುದೇ ಇಲ್ಲ, ಗಡಿಯಾರದ ತೊಂದರೆಯೂ ಕಾಣುವುದಿಲ್ಲ. ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಹೀಗೆ ಹತ್ತು ಸಲ. ಐದು ಸಲ ಪೈ ಮೊದಲು, ಐದು ಸಲ ಕನ್ಸೋಲ್ ಮೊದಲು. ಅದರಲ್ಲಿ ಎರಡು ಸಲ ರೌಟರ್ ಆಫ್ ಮಾಡಿ ನೋಡಿ. ಪ್ರತಿ ಸಲ "ಕಾನ್ಫಿಗರ್ಡ್" ಬಂದದ್ದು ಎಷ್ಟನೇ ಸೆಕೆಂಡ್ ಎಂದು ಲಾಗ್‌ನಿಂದ ಬರೆದುಕೊಳ್ಳಿ. ಆ ಹತ್ತು ಅಂಕಿ ಬೇರೆ ಬೇರೆ ಇರುತ್ತವೆ. ಇರಲಿ. ಅದರ ನಂತರದ ಬಟನ್‌ಗಳು ಮಾತ್ರ ಹತ್ತೂ ಸಲ ಒಂದೇ ಅಂತರದಲ್ಲಿ ಬರಬೇಕು.

ಹತ್ತಕ್ಕೆ ಹತ್ತು ಸರಿ ಬಂದ ಮೇಲೆ "ರಾಸ್ಪಿ ಕಾನ್ಫಿಗ್" ಒಳಗೆ ಹೋಗಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಗ ಎಸ್‌ಡಿ ಕಾರ್ಡ್ ಮೇಲೆ ಏನೂ ಬರೆಯುವುದಿಲ್ಲ, ಕರೆಂಟ್ ದಿಢೀರ್ ಹೋದರೂ ಕಾರ್ಡ್ ಕೆಡುವ ಭಯ ಕಡಿಮೆ. ಇದನ್ನು ಮೊದಲೇ ಆನ್ ಮಾಡಿದರೆ ಮಾತ್ರ ಪ್ರತಿ ಬೂಟ್‌ನಲ್ಲಿ ನಿಮ್ಮ ಲಾಗ್ ಅಳಿಸಿಹೋಗಿ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಮುಂದೆ ಯಾವತ್ತಾದರೂ ಸ್ಕ್ರಿಪ್ಟ್ ತಿದ್ದಬೇಕಾದರೆ ಮೊದಲು ಓವರ್‌ಲೇ ಆಫ್ ಮಾಡಿ, ರೀಬೂಟ್ ಮಾಡಿ, ಆಮೇಲೆ ತಿದ್ದಿ. ಇಲ್ಲದಿದ್ದರೆ ತಿದ್ದಿದ್ದು ಮುಂದಿನ ಬೂಟ್‌ನಲ್ಲಿ ಮಾಯವಾಗಿರುತ್ತದೆ.